ಮುಪ್ಪಿನ ಮಲ್ಲ

ನಮ್ಮ ಹಳೆಯ ಕಾವ್ಯಗಳಲ್ಲಿ ಮಲ್ಲರಿಗೆ ಬರವಿಲ್ಲ. ಕೃಷ್ಣನಿಗೂ ಚಾಣೂರನಿಗೂ ನಡೆದ ಕಾಳಗ, ಭೀಮ ಜರಾಸಂಧರ ಬಾಹುಯುದ್ಧ, ವಿರಾಟನಗರದ ನಾಟ್ಯಶಾಲೆಯ ಕತ್ತಲಲ್ಲಿ ನಡೆದ ಕೀಚಕನ ವಧೆ, ಇವೆಲ್ಲ ಕನ್ನಡದ ಓದುಗನಿಗೆ ಮನೆಯ ಮಾತುಗಳು. ಆದರೆ ಈ ಮಲ್ಲರೆಲ್ಲ ಪ್ರಾಯದವರು. ಗೆದ್ದವನು ಮೆರೆಯುತ್ತಾನೆ, ಸೋತವನು ಸಾಯುತ್ತಾನೆ. ಎರಡೂ ಆಗದೆ, ಮೊಣಕಾಲು ಕೆಟ್ಟು, ತೋಳಿನ ಕೀಲು ಸಡಿಲಿ, ಆಮೇಲೆಯೂ ಇಪ್ಪತ್ತು ಮೂವತ್ತು ವರ್ಷ ಬಾಳಿದವನ ಕಥೆಯನ್ನು ನಮ್ಮ ಕವಿಗಳು ಹೇಳಲಿಲ್ಲ. ಕಾದಿ ಸತ್ತವನಿಗೆ ವೀರಗಲ್ಲನ್ನು ನಿಲ್ಲಿಸಿದ ನಾಡು ನಮ್ಮದು. ಕಾದಿ, ಮೈ ಮುರಿದುಕೊಂಡು, ಬದುಕಿ ಉಳಿದವನಿಗೆ ಕಲ್ಲು ನೆಟ್ಟುದನ್ನು ನಾನಂತೂ ಕಂಡಿಲ್ಲ.

ಒಂದು ಅಪವಾದ ಉಂಟು. ಅದು ಪಂಪನ ಭೀಷ್ಮ. ಕ್ರಿ.ಶ. 941ರ ವಿಕ್ರಮಾರ್ಜುನ ವಿಜಯದಲ್ಲಿ ದುರ್ಯೋಧನನು ಸೇನಾಧಿಪತ್ಯದ ಪಟ್ಟವನ್ನು ಅಜ್ಜನಿಗೆ ಕಟ್ಟಲು ಹೊರಟಾಗ ಕರ್ಣನು ಸಿಡಿದೇಳುತ್ತಾನೆ. ಮುಪ್ಪಡರಿದವರಿಗೆ ಪಟ್ಟವೇಕೆ ಎಂಬುದು ಅವನ ಆಕ್ಷೇಪದ ತಿರುಳು. ಆ ಆಕ್ಷೇಪಕ್ಕೆ ಭೀಷ್ಮನು ಹತ್ತು ದಿನ ಕಾದಿ ಉತ್ತರ ಕೊಟ್ಟ. ಆದರೆ ಭೀಷ್ಮ ಇಚ್ಛಾಮರಣಿ. ಅವನ ಲೆಕ್ಕ ಬೇರೆ. ಮೂಳೆ ಮುರಿದರೆ ಕಟ್ಟು ಕಟ್ಟಿಸಿಕೊಳ್ಳಬೇಕಾದ, ಹಸಿವಾದರೆ ಅನ್ನ ಬೇಕಾದ ಸಾಮಾನ್ಯ ಮಲ್ಲನಿಗೆ ನಲವತ್ತು ದಾಟಿದಾಗ, ಐವತ್ತು ದಾಟಿದಾಗ ಏನಾಗುತ್ತಿತ್ತು? ಅವನ ಗಾಯ ಹೇಗೆ ಮಾಯುತ್ತಿತ್ತು? ಮಾಯುವ ತನಕ ಅವನಿಗೆ ಅನ್ನವಿಕ್ಕಿದವರು ಯಾರು? ಇವು ದೊಡ್ಡ ಇತಿಹಾಸದ ಪ್ರಶ್ನೆಗಳಲ್ಲ ಎಂದು ಕೆಲವರಿಗೆ ತೋರಬಹುದು. ಅರವತ್ತು ದಾಟಿದ ನನ್ನಂಥವನಿಗೆ ಇವು ರಾಜರ ತೇದಿಗಳಿಗಿಂತ ಹತ್ತಿರದವು.

ಮೊದಲು ಅರಸನನ್ನೇ ವಿಚಾರಿಸೋಣ. ಹೆಸರಿನಲ್ಲಿಯೇ ಮಲ್ಲನನ್ನು ಹೊತ್ತ ಮನೆತನ ಕಲ್ಯಾಣದ ಚಾಲುಕ್ಯರದು. ಆಹವಮಲ್ಲ ಸೋಮೇಶ್ವರ, ಅವನ ಮಗ ತ್ರಿಭುವನಮಲ್ಲ ವಿಕ್ರಮಾದಿತ್ಯ, ಮೊಮ್ಮಗ ಭೂಲೋಕಮಲ್ಲ ಸೋಮೇಶ್ವರ. ಈ ಕೊನೆಯವನು, ಇತಿಹಾಸಕಾರರು ಮೂರನೆಯ ಸೋಮೇಶ್ವರನೆಂದು ಕರೆಯುವವನು, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಿಂದ ಆಳುತ್ತ 1130ರ ಸುಮಾರಿಗೆ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವನ್ನು ಬರೆದ. ಅದಕ್ಕೆ ಅಭಿಲಷಿತಾರ್ಥ ಚಿಂತಾಮಣಿ ಎಂಬ ಹೆಸರೂ ಉಂಟು. ಅಡುಗೆಯಿಂದ ಆನೆಯವರೆಗೆ, ಸಂಗೀತದಿಂದ ಮೀನು ಹಿಡಿಯುವುದರವರೆಗೆ ಅದರಲ್ಲಿ ಇಲ್ಲದ ವಿಷಯವಿಲ್ಲ. ಅದರೊಳಗಿನ ಮಲ್ಲವಿನೋದವೆಂಬ ಅಧ್ಯಾಯ ನಮಗೆ ಬೇಕಾದದ್ದು.

ಅಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ವಿಂಗಡಿಸಿದೆ. ವಯಸ್ಸನ್ನು ಅನುಸರಿಸಿ ಭವಿಷ್ಣು, ಪ್ರರೂಢ ಎಂಬ ಭೇದವೂ ಉಂಟು. ಭವಿಷ್ಣುವೆಂದರೆ ಇನ್ನೂ ಬೆಳೆಯುತ್ತಿರುವವನು. ಪ್ರರೂಢನೆಂದರೆ ಬೆಳೆದು ಬಲಿತವನು. ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಒಳ್ಳೆಯ ಭಕ್ಷ್ಯ ಇವುಗಳನ್ನು ಅರಸನೇ ಒದಗಿಸಬೇಕು. ಅವರು ಮಾಡಬೇಕಾದ ಸಾಧನೆಗೆ ಶ್ರಮವೆಂದೇ ಹೆಸರು: ಭಾರವನ್ನೆತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ, ತೋಳಿಗೆ ತೋಳೊಡ್ಡುವ ಶ್ರಮ, ಕಂಬವನ್ನು ಹಿಡಿದು ಮಾಡುವ ಸ್ತಂಭಶ್ರಮ. ಇಂದು ಮಹಾರಾಷ್ಟ್ರದಲ್ಲಿಯೂ ನಮ್ಮ ಉತ್ತರದ ಜಿಲ್ಲೆಗಳಲ್ಲಿಯೂ ಬಳಕೆಯಲ್ಲಿರುವ ಮಲ್ಲಗಂಬದ ಹಳೆಯ ಉಲ್ಲೇಖವೆಂದು ವಿದ್ವಾಂಸರು ಬೊಟ್ಟು ಮಾಡುವುದು ಈ ಸ್ತಂಭಶ್ರಮವನ್ನೇ. ನನ್ನ ಗಮನ ಹೋಗುವುದು ಬೇರೆ ಎರಡರ ಕಡೆಗೆ. ಮೊಣಕಾಲು ಸವೆದು ನೋಯುತ್ತದೆ ಎಂದು ಇಂದು ಮೂಳೆಯ ವೈದ್ಯರ ಬಳಿಗೆ ಹೋದರೆ ಅವರು ಹೇಳುವುದೇನು? ನಡೆಯಿರಿ, ಆಗದಿದ್ದರೆ ನೀರಿನಲ್ಲಿ ಕೈಕಾಲಾಡಿಸಿ. ಭ್ರಮಣವೂ ಸಲಿಲವೂ ಎಂಟುನೂರ ತೊಂಬತ್ತು ವರ್ಷಗಳ ಹಿಂದಿನ ಪಟ್ಟಿಯಲ್ಲಿ ಇವೆ. ಆದರೆ ಅವನ್ನು ಹೇಳಿದ್ದು ಪ್ರಾಯದವರಿಗೆ.

ಅರಸನ ಪುಸ್ತಕ ಇಷ್ಟಕ್ಕೆ ಮುಗಿಯುತ್ತದೆ. ಬೆಳೆಯುವವನಿಗೂ ಬೆಳೆದವನಿಗೂ ಅಲ್ಲಿ ಹೆಸರಿದೆ. ಇಳಿಯುವವನ ಮೇಲೆ ಅರಸನ ಕಣ್ಣಿಲ್ಲ. ಇದಕ್ಕೆ ಸೋಮೇಶ್ವರನನ್ನು ದೂರಿ ಫಲವಿಲ್ಲ. ಅಧ್ಯಾಯದ ಹೆಸರೇ ವಿನೋದ. ನೋಡುವವನ ಸಂತೋಷಕ್ಕೆ ಮಲ್ಲನೇ ಹೊರತು ಮಲ್ಲನ ಬಾಳಿಗೆ ಅರಸನಲ್ಲ. ಜಾತ್ರೆಯ ಕುಸ್ತಿಯಿಂದ ಇಂದಿನ ದೂರದರ್ಶನದ ಕ್ರಿಕೆಟ್ಟಿನವರೆಗೆ ಈ ಲೆಕ್ಕ ಬದಲಾಗಿದೆಯೆಂದು ನನಗೆ ತೋರುವುದಿಲ್ಲ.

ಇಳಿಯುವವನ ಲೆಕ್ಕವನ್ನಿಟ್ಟವನು ವೈದ್ಯ. ಸುಶ್ರುತ ಸಂಹಿತೆ ಮಾನಸೋಲ್ಲಾಸಕ್ಕಿಂತ ಬಹು ಹಿಂದಿನದು. ಅದರಲ್ಲಿ ಮನುಷ್ಯನ ವಯಸ್ಸಿನ ಎಣಿಕೆಯೊಂದು ಬರುತ್ತದೆ. ಹದಿನಾರರವರೆಗೆ ಬಾಲ್ಯ, ಹದಿನಾರರಿಂದ ಎಪ್ಪತ್ತರವರೆಗೆ ಮಧ್ಯವಯಸ್ಸು, ಎಪ್ಪತ್ತರ ಮೇಲೆ ವೃದ್ಧಾಪ್ಯ. ಈ ನಡುವಣ ದೀರ್ಘ ಕಾಲವನ್ನು ಅವನು ಮತ್ತೆ ಒಡೆಯುತ್ತಾನೆ: ಇಪ್ಪತ್ತರವರೆಗೆ ಬೆಳವಣಿಗೆ, ಮೂವತ್ತರವರೆಗೆ ಯೌವನ, ನಲವತ್ತರವರೆಗೆ ಧಾತುಗಳೂ ಇಂದ್ರಿಯಗಳೂ ಬಲವೂ ತುಂಬಿ ನಿಂತ ಸಂಪೂರ್ಣತೆ, ಅಲ್ಲಿಂದ ಎಪ್ಪತ್ತರವರೆಗೆ ಸ್ವಲ್ಪ ಸ್ವಲ್ಪವೇ ಹಾನಿ. ಆ 'ಸ್ವಲ್ಪ' ಎಂಬ ಮಾತನ್ನು ಗಮನಿಸಬೇಕು. ನಲವತ್ತಕ್ಕೆ ಎಲ್ಲವೂ ಮುಗಿಯಿತೆಂದು ಅವನು ಹೇಳಲಿಲ್ಲ. ಇಳಿಜಾರು ಉಂಟು, ಆದರೆ ಅದು ಕಡಿದಾದುದಲ್ಲ ಎಂದ. ಕುಸ್ತಿಯ ಕಣದಿಂದ ಹೊರಬಿದ್ದವನಿಗೆ ಇದಕ್ಕಿಂತ ಸಮಾಧಾನದ ಗಣಿತ ಮತ್ತೊಂದಿರಲಾರದು.

ಹಾಗೆಂದು ಮನಬಂದಂತೆ ಮೈ ದಂಡಿಸಲು ವೈದ್ಯನ ಅಪ್ಪಣೆಯಿಲ್ಲ. ವ್ಯಾಯಾಮವನ್ನು ಅರ್ಧಬಲದಿಂದ ಮಾಡಬೇಕು ಎಂಬುದು ಅವನ ನಿಯಮ. ಅರ್ಧಬಲವೆಂದರೆ ಎಷ್ಟು? ಅದಕ್ಕೆ ತೂಕದ ಕಲ್ಲು ಬೇಡ. ಮೂಗಿನಲ್ಲಿ ಆಡುತ್ತಿದ್ದ ಉಸಿರು ಯಾವಾಗ ಬಾಯಿಗೆ ಬರುತ್ತದೆಯೋ, ಹಣೆಯಲ್ಲಿ, ಮೂಗಿನ ಮೇಲೆ, ಕಂಕುಳಲ್ಲಿ ಯಾವಾಗ ಬೆವರೊಡೆಯುತ್ತದೆಯೋ ಅಲ್ಲಿಗೆ ಅರ್ಧವಾಯಿತು, ನಿಲ್ಲಿಸು. ವಯಸ್ಸು, ಬಲ, ಶರೀರ, ದೇಶ, ಕಾಲ, ಉಣ್ಣುವ ಆಹಾರ ಇವನ್ನೆಲ್ಲ ನೋಡಿಕೊಂಡೇ ಮೈ ದಂಡಿಸಬೇಕು, ಮೀರಿದರೆ ಕೆಮ್ಮು, ಜ್ವರ, ಉಬ್ಬಸ, ಕ್ಷಯ ಕಾದಿವೆ ಎಂದು ಎಚ್ಚರಿಕೆ. ವಾಗ್ಭಟನು ಇದಕ್ಕೆ ಒಂದು ಚಿತ್ರವನ್ನೇ ಕೊಟ್ಟ: ಅತಿ ಮಾಡುವವನು ಆನೆಯನ್ನು ಎಳೆಯಹೋದ ಸಿಂಹದ ಹಾಗೆ ನಾಶವಾಗುತ್ತಾನಂತೆ. ಸಿಂಹ ಆನೆಯನ್ನು ಕೊಲ್ಲಬಲ್ಲುದು. ಕೊಂದುದನ್ನು ಎಳೆಯಹೋದಾಗ ಅದರ ಎದೆ ಒಡೆಯುತ್ತದೆ. ಪ್ರಾಯದಲ್ಲಿ ಗೆದ್ದ ನೆನಪನ್ನು ಅರವತ್ತರಲ್ಲಿ ಎಳೆಯಹೋಗುವ ಆಟಗಾರನನ್ನು ಕಂಡೇ ಈ ಉಪಮೆಯನ್ನು ಹೇಳಿದನೋ ಏನೋ.

ಇದೇ ವಾಗ್ಭಟನು ಇನ್ನೊಂದು ಮಾತನ್ನೂ ಹೇಳಿದ್ದಾನೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಬಾಲನೂ ವೃದ್ಧನೂ ಅಜೀರ್ಣದವನೂ ವ್ಯಾಯಾಮವನ್ನು ಬಿಡಬೇಕೆಂದು ಅವನ ಮತ. ಸುಶ್ರುತನೋ, ವ್ಯಾಯಾಮ ಮಾಡುವವನ ಮೇಲೆ ಮುಪ್ಪು ಒಮ್ಮೆಲೇ ಏರಿ ಬರಲಾರದು ಎಂದು ಹೊಗಳುತ್ತಾನೆ. ಇವರಿಬ್ಬರಲ್ಲಿ ಯಾರನ್ನು ನಂಬುವುದು? 1990ರಲ್ಲಿ ಬಾಸ್ಟನ್ ನಗರದ ವೈದ್ಯರು ಒಂದು ವೃದ್ಧರ ಶುಶ್ರೂಷಾಲಯದಲ್ಲಿ ಎಂಬತ್ತಾರರಿಂದ ತೊಂಬತ್ತಾರು ವಯಸ್ಸಿನ ಹತ್ತು ಮಂದಿಗೆ ಎಂಟು ವಾರಗಳ ಕಾಲ ಭಾರವೆತ್ತುವ ಸಾಧನೆಯನ್ನು ಮಾಡಿಸಿ, ಅವರ ಕಾಲಿನ ಬಲ ದುಪ್ಪಟ್ಟಿಗೂ ಮಿಗಿಲಾಗಿ ಹೆಚ್ಚಿತೆಂದು ಪ್ರಕಟಿಸಿದರು. ಈ ಒಂದು ವಿಷಯದಲ್ಲಿ ವಾಗ್ಭಟನು ಸೋತ, ಸುಶ್ರುತನು ಗೆದ್ದ ಎಂದು ನಾನು ತೀರ್ಪು ಕೊಡುತ್ತೇನೆ. ಕನ್ನಡದ ಮೇಷ್ಟರಿಗೆ ವೈದ್ಯರ ನಡುವೆ ನ್ಯಾಯ ಹೇಳುವ ಅಧಿಕಾರ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಮೈ ನನ್ನದು, ಅಷ್ಟೇ ಅಧಿಕಾರ.

ಇನ್ನು ಗಾಯದ ಮಾತು. ಸುಶ್ರುತನ ಭಗ್ನಚಿಕಿತ್ಸೆಯ ಅಧ್ಯಾಯವನ್ನು ಓದುವಾಗ ಇದನ್ನು ಬರೆದವನು ಗರಡಿಯ ಜಗಲಿಯಲ್ಲಿ ಬಹುಕಾಲ ಕುಳಿತಿದ್ದನೆಂದೇ ಅನ್ನಿಸುತ್ತದೆ. ಮುರಿದ ಮೂಳೆಯನ್ನು ಎಳೆದು, ಒತ್ತಿ, ಸರಿಗೂಡಿಸಿ, ಇಪ್ಪೆ, ಅತ್ತಿ, ಅರಳಿ, ಮುತ್ತುಗ, ಮತ್ತಿ, ಆಲ ಇವುಗಳ ತೊಗಟೆಯನ್ನೋ ಬಿದಿರಿನ ಸೀಳನ್ನೋ ಇಟ್ಟು ಕಟ್ಟಬೇಕು. ಕಟ್ಟನ್ನು ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಸಮಕಾಲದಲ್ಲಿ ಐದು ದಿನಕ್ಕೊಮ್ಮೆ, ಬೇಸಗೆಯಲ್ಲಿ ಮೂರು ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕು. ಸಡಿಲವಾದರೆ ಕೀಲು ನಿಲ್ಲುವುದಿಲ್ಲ. ಬಿಗಿಯಾದರೆ ಚರ್ಮ ಊದಿ, ನೊಂದು, ಕೀವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಬಿಗಿ ಕಟ್ಟಿನಿಂದ ರಕ್ತದ ಓಟ ನಿಂತು ಕೈಕಾಲುಗಳನ್ನೇ ಕಳೆದುಕೊಂಡವರ ಸುದ್ದಿಯನ್ನು ಇಂದಿಗೂ ಕೇಳುತ್ತೇವೆ. ಆ ಅಪಾಯವನ್ನು ಶಾಸ್ತ್ರ ಆಗಲೇ ಬರೆದಿಟ್ಟಿತ್ತು. ತೊಡೆ, ಕಣಕಾಲು, ಸೊಂಟ ಮುರಿದವನನ್ನು ಹಲಗೆಯ ಮೇಲೆ ಮಲಗಿಸಿ, ಮೈ ಅಲುಗದಂತೆ ಐದು ಕಡೆ ಗೂಟ ಹೊಡೆದು ನಿಲ್ಲಿಸಬೇಕು. ಉಪ್ಪು, ಕಾರ, ಹುಳಿ, ಬಿಸಿಲು, ಒಣ ಅನ್ನ ಬೇಡ. ವ್ಯಾಯಾಮವಂತೂ ಬೇಡವೇ ಬೇಡ. ಹಾಲು, ತುಪ್ಪ, ಮಾಂಸದ ರಸ ಬೇಕು.

ಎಷ್ಟು ದಿನ? ಇಲ್ಲಿ ನಮ್ಮ ವಿಷಯಕ್ಕೆ ತೀರ ಹತ್ತಿರದ ಮಾತು ಬರುತ್ತದೆ. ಮೊದಲ ವಯಸ್ಸಿನಲ್ಲಿ ಒಂದು ತಿಂಗಳಿಗೆ ಕೂಡುವ ಮೂಳೆ ನಡುವಯಸ್ಸಿನಲ್ಲಿ ಅದರ ಎರಡರಷ್ಟು, ಕಡೆಯ ವಯಸ್ಸಿನಲ್ಲಿ ಮೂರರಷ್ಟು ಕಾಲವನ್ನು ಬೇಡುತ್ತದೆ. ಮೂಳೆ ಮೂಳೆಗೂ ಬೇರೆ ಬೇರೆ ಕಾಲವೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ಸುಶ್ರುತನ ಒಂದು, ಎರಡು, ಮೂರನ್ನು ಗಡಿಯಾರದಂತೆ ಹಿಡಿಯಬೇಕಾಗಿಲ್ಲ. ಆದರೆ ಮುಪ್ಪಿನಲ್ಲಿ ಮೈ ಮಾಯುವುದಿಲ್ಲವೆಂದು ಅವನು ಹೇಳಲಿಲ್ಲ, ನಿಧಾನವಾಗಿ ಮಾಯುತ್ತದೆಂದ. ಇವೆರಡು ಮಾತುಗಳ ನಡುವೆ ಎಷ್ಟೊಂದು ಜನರ ಬಾಳು ಸಿಕ್ಕಿಕೊಂಡಿದೆ!

ಕಟ್ಟು ಬಿಚ್ಚಿದ ಮೇಲೆ ಏನು ಮಾಡಬೇಕು ಎಂಬುದನ್ನೂ ಅವನು ಬಿಟ್ಟಿಲ್ಲ. ಅಂಗೈ ಮುರಿದು ಕೂಡಿದವನು ಮೊದಲು ಮಣ್ಣಿನ ಉಂಡೆಯನ್ನು ಹಿಡಿಯಬೇಕು; ಆಮೇಲೆ ಉಪ್ಪಿನ ಹರಳನ್ನು; ಕೈಗೆ ಬಲ ಬಂದ ಮೇಲೆ ಕಲ್ಲನ್ನು. ಮೂರು ವರ್ಷಗಳ ಹಿಂದೆ, ನನ್ನ ಅರವತ್ತಮೂರನೆಯ ವಯಸ್ಸಿನಲ್ಲಿ, ಷಟಲ್ ಆಡುತ್ತ ಕೈಯೂರಿ ಬಿದ್ದು ನನ್ನ ಬಲ ಮಣಿಕಟ್ಟು ಮುರಿಯಿತು. ಆರು ವಾರ ಪಿಂಡಿಕಟ್ಟು. ಬಿಚ್ಚಿದಾಗ ಕಂಡ ಕೈ ನನ್ನದೆಂದು ನಂಬುವುದು ಕಷ್ಟವಾಯಿತು. ಸೊರಗಿ, ಸಿಪ್ಪೆಯೆದ್ದು, ಬಳಪವನ್ನು ಸಹ ಹಿಡಿಯಲಾರದೆ ನಡುಗುತ್ತಿತ್ತು. ಫಿಜಿಯೋಥೆರಪಿಯ ಹುಡುಗಿ, ನನ್ನ ಮೊಮ್ಮಗಳಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಿರಬಹುದು, ಮೊದಲ ದಿನ ಒಂದು ಸ್ಪಂಜಿನ ಚೆಂಡನ್ನು ಕೊಟ್ಟಳು. ಎರಡು ವಾರದ ಮೇಲೆ ರಬ್ಬರಿನ ಚೆಂಡು. ಅದಾದ ಮೇಲೆ ಅರ್ಧ ಕಿಲೋ ತೂಕದ ಕಬ್ಬಿಣದ ಗುಂಡು. ನಾನು ಸುಶ್ರುತನ ಮಣ್ಣು, ಉಪ್ಪು, ಕಲ್ಲುಗಳ ಕಥೆಯನ್ನು ಹೇಳಿದೆ. ಅವಳು ನಗುತ್ತ, "ಅವರಿಗೂ ನಮ್ಮ ಹಾಗೇ ರೋಗಿಗಳು ಸಿಕ್ತಿದ್ರು ಅಂತ ಕಾಣುತ್ತೆ ಸಾರ್, ಮೊದಲನೇ ದಿನವೇ ಕಲ್ಲು ಕೊಡಿ ಅನ್ನೋರು" ಎಂದಳು. ಸುಶ್ರುತನ ಎಣಿಕೆಯಲ್ಲಿ ನಾನಿನ್ನೂ ನಡುವಯಸ್ಸಿನವನು. ನನ್ನ ಪಾಲಿಗೆ ಎರಡು ತಿಂಗಳು. ಹೆಚ್ಚು ಕಡಿಮೆ ಅಷ್ಟೇ ಆಯಿತು.

ಇಷ್ಟೆಲ್ಲ ಆರೈಕೆ ಯೋಗ್ಯವೇ ಎಂಬ ಪ್ರಶ್ನೆಯೂ ಹಳೆಯದೇ. ನಮ್ಮಲ್ಲಿ ಇದನ್ನು ಯಾರೂ ಜಗಳಕ್ಕೆ ತಂದಂತೆ ಕಾಣುವುದಿಲ್ಲ, ಗ್ರೀಕರು ತಂದರು. ಕಸರತ್ತಿನ ಗುರುವಾಗಿದ್ದ ಹೆರೋಡಿಕಸನೆಂಬವನು ತನ್ನ ಮೈ ಕೆಟ್ಟಾಗ ವ್ಯಾಯಾಮವನ್ನೂ ವೈದ್ಯವನ್ನೂ ಬೆರೆಸಿ, ಪಥ್ಯದಲ್ಲಿಯೇ ಬಾಳಿ ಮುದುಕನಾದ. ಪ್ಲೇಟೋ ತನ್ನ ರಿಪಬ್ಲಿಕ್ ಗ್ರಂಥದಲ್ಲಿ ಅವನನ್ನು ಹಾಸ್ಯ ಮಾಡುತ್ತಾನೆ. ಮೊದಲು ತನ್ನನ್ನು, ಆಮೇಲೆ ಊರನ್ನು ಹಿಂಸಿಸಿ, ಸಾವನ್ನೇ ಉದ್ದಮಾಡಿಕೊಂಡ ಎಂಬ ಭಾವದ ಮಾತು. ಅಲ್ಲಿಯೇ ಒಬ್ಬ ಬಡಗಿಯ ದೃಷ್ಟಾಂತವೂ ಬರುತ್ತದೆ. ಬಡಗಿಗೆ ಕಾಯಿಲೆಯಾದರೆ ಒಂದು ಗುಟುಕು ಔಷಧ ಕೇಳುತ್ತಾನೆ. ತಿಂಗಳುಗಟ್ಟಲೆ ಪಥ್ಯ ಮಾಡು, ತಲೆಗೆ ಬಟ್ಟೆ ಸುತ್ತಿಕೊಂಡು ಮಲಗು ಎಂದರೆ ತನಗೆ ಕಾಯಿಲೆ ಬೀಳಲು ಪುರಸೊತ್ತಿಲ್ಲವೆಂದು ಎದ್ದು ಕೆಲಸಕ್ಕೆ ಹೋಗುತ್ತಾನೆ. ಬದುಕಿದರೆ ಬದುಕಿದ, ಸತ್ತರೆ ತೊಂದರೆ ಕಳೆಯಿತು. ಪ್ಲೇಟೋ ಇದನ್ನು ಮೆಚ್ಚುಗೆಯಿಂದ ಹೇಳುತ್ತಾನೆ. ನನಗೆ ಇದರಲ್ಲಿ ಮೆಚ್ಚುವಂಥದ್ದು ಕಾಣುವುದಿಲ್ಲ. ಬಡಗಿ 'ಪುರಸೊತ್ತಿಲ್ಲ' ಎನ್ನುವುದು ಧೈರ್ಯದಿಂದಲ್ಲ. ಅವನು ಮಲಗಿದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ.

ಗೇಲನ್ ಎಂಬ ವೈದ್ಯನ ಕಥೆ ಬೇರೆಯ ಬಗೆಯದು. ಪೆರ್ಗಮಮ್ ಪಟ್ಟಣದವನಾದ ಇವನು ಕ್ರಿ.ಶ. 157ರಿಂದ ನಾಲ್ಕು ವರ್ಷ ಅಲ್ಲಿಯ ಗ್ಲಾಡಿಯೇಟರರಿಗೆ, ಎಂದರೆ ಕಣದಲ್ಲಿ ಕಾದಾಡುವವರಿಗೆ ವೈದ್ಯನಾಗಿದ್ದ. ವೃತ್ತಿಯ ಮಲ್ಲರನ್ನು ಕಂಡರೆ ಅವನಿಗಾಗದು. ಪ್ರಾಣಿಗಳಿಗೆಲ್ಲ ಸೇರಿ ಒಂದು ಒಲಿಂಪಿಕ್ ಆಟವನ್ನಿಟ್ಟರೆ ಮನುಷ್ಯನಿಗೆ ಒಂದು ಬಹುಮಾನವೂ ಬಾರದು, ಒದೆಯುವ ಪಂದ್ಯವನ್ನು ಕತ್ತೆ ಗೆಲ್ಲುತ್ತದೆ ಎಂದು ಗೇಲಿ ಮಾಡಿದ. ಕಣ ಬಿಟ್ಟ ಮಲ್ಲನ ಮೈಯನ್ನು ಮುತ್ತಿಗೆಯ ಯಂತ್ರಗಳ ಏಟು ತಿಂದ ಕೋಟೆಗೋಡೆಗೆ ಹೋಲಿಸಿದ. ನಿಂತಂತೆ ಕಾಣುತ್ತದೆ, ಮುಂದಿನ ಸಣ್ಣ ಏಟಿಗೆ ಕುಸಿಯುತ್ತದೆ. ಇಷ್ಟು ಹೇಳಿದವನು ಸ್ವತಃ ಮಲ್ಲಶಾಲೆಗೆ ಹೋಗುವುದನ್ನು ಬಿಟ್ಟಿರಲಿಲ್ಲ! ಮೂವತ್ತೈದನೆಯ ವಯಸ್ಸಿನಲ್ಲಿ ಅಲ್ಲಿಯೇ ಅವನ ಭುಜಕ್ಕೆ ಪೆಟ್ಟಾಯಿತು. ಶಾಲೆಯ ಗುರುಗಳು ತೋಳಿನ ಕೀಲು ಜಾರಿದೆಯೆಂದು ಭಾವಿಸಿ ಎಳೆಯತೊಡಗಿದರು. ಕೀಲು ಜಾರಿಲ್ಲ, ಕೊರಳೆಲುಬಿನ ತುದಿ ಭುಜದಿಂದ ಬೇರ್ಪಟ್ಟಿದೆ ಎಂಬುದನ್ನು ಗೇಲನ್ ತಾನೇ ಕಂಡುಕೊಂಡು, ಎಳೆಯುವುದನ್ನು ನಿಲ್ಲಿಸಿ, ಬಿಗಿಯಾಗಿ ಕಟ್ಟಿಸಿಕೊಂಡು, ನಲವತ್ತು ದಿನ ಆ ಕಟ್ಟನ್ನು ಸಹಿಸಿದ. ಬಿಸಿ ಎಣ್ಣೆಯನ್ನು ಹುಯ್ಯಿಸಿಕೊಳ್ಳುತ್ತ ತೊಗಲಿನ ಮೇಲೆ ಮಲಗಿದ್ದನಂತೆ. ಹೆಚ್ಚಿನವರು ಇಷ್ಟು ಕಾಲ ತಾಳುವುದಿಲ್ಲವೆಂಬುದೂ ಅವನಿಗೆ ಗೊತ್ತು. ತಾಳಿದುದರಿಂದ ಭುಜ ಸರಿಹೋಯಿತು.

ಆರೋಗ್ಯರಕ್ಷಣೆಯನ್ನು ಕುರಿತ ಗ್ರಂಥದಲ್ಲಿ ಗೇಲನ್ ಚೆನ್ನಾಗಿ ಮುದುಕರಾದ ಇಬ್ಬರನ್ನು ಉದಾಹರಿಸುತ್ತಾನೆ. ಇಬ್ಬರೂ ಮಲ್ಲರಲ್ಲ. ಒಬ್ಬನು ಎಂಬತ್ತು ದಾಟಿಯೂ ದಿನವೂ ನಡೆದು ರೋಗಿಗಳನ್ನು ನೋಡಲು ಹೋಗುತ್ತಿದ್ದ ವೈದ್ಯ ಆಂಟಿಯೋಕಸ್. ಇನ್ನೊಬ್ಬನು ನೂರರ ಹತ್ತಿರಕ್ಕೆ ಬಾಳಿದ ಟೆಲಿಫಸ್, ಅವನು ವೈಯಾಕರಣ. ಶಬ್ದಮಣಿದರ್ಪಣದ ಸೂತ್ರಗಳನ್ನು ಮೂವತ್ತು ವರ್ಷ ಪಾಠ ಹೇಳಿದ ನನಗೆ ಈ ಟೆಲಿಫಸನ ಮೇಲೆ ವಿಶೇಷ ಪ್ರೀತಿ. ಚಳಿಗಾಲದಲ್ಲಿ ಅವನು ತಿಂಗಳಿಗೆ ಎರಡೇ ಸಲ ಸ್ನಾನ ಮಾಡುತ್ತಿದ್ದನೆಂಬುದನ್ನು ಮಾತ್ರ ಮನೆಯಲ್ಲಿ ಹೇಳಿಲ್ಲ.

ಈಗ ನಮ್ಮ ನಾಡಿಗೆ ಮರಳಿ ಬರೋಣ. ಮಾನಸೋಲ್ಲಾಸದ ಜ್ಯೇಷ್ಠಿಕನನ್ನು ನೆನಪಿನಲ್ಲಿಡಿ. ಗುಜರಾತಿನ ಮೊಢೇರದ ಮಲ್ಲರಿಗೆ ಜ್ಯೇಷ್ಠಿಮಲ್ಲರೆಂದು ಹೆಸರು. ಅವರ ಕುಲದ ಮಲ್ಲಪುರಾಣವೆಂಬ ಗ್ರಂಥವೂ ಉಂಟು. ನಮ್ಮ ಜೆಟ್ಟಿ, ಜಟ್ಟಿ ಎಂಬ ಮಾತು ಈ ಜ್ಯೇಷ್ಠಿಯ ತದ್ಭವ. ಕೆಳಗೆ ಬಿದ್ದರೂ ಜಟ್ಟಿಯ ಮೀಸೆ ಮಣ್ಣಾಗಲಿಲ್ಲ ಎಂಬ ನಮ್ಮ ಗಾದೆಯ ಜಟ್ಟಿ ಇವನೇ. ಮೈಸೂರಿನ ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ವಿಜಯದಶಮಿಯಂದು ಇಂದಿಗೂ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜೆಟ್ಟಿ ಮನೆತನದವರು ತಲೆ ಬೋಳಿಸಿಕೊಂಡು, ಬೆರಳುಗಳಿಗೆ ವಜ್ರನಖವನ್ನು ತೊಟ್ಟು ಎದುರುಬದುರಾಗುತ್ತಾರೆ. ಒಬ್ಬನ ತಲೆಯಲ್ಲಿ ಮೊದಲ ರಕ್ತದ ಹನಿ ಕಂಡೊಡನೆ ಕಾಳಗ ಮುಗಿಯಿತು. ಎಷ್ಟು ಹೊತ್ತು? ಕೆಲವೇ ಕ್ಷಣ. ಆ ಕ್ಷಣಗಳನ್ನು ನೋಡಲು ಜನ ಮುಗಿಬೀಳುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ಜೆಟ್ಟಿ ಏನು ಮಾಡುತ್ತಿದ್ದ ಎಂಬುದನ್ನು ಕೇಳಿದವರು ಕಡಿಮೆ.

ಉತ್ತರ ಮಾತ್ರ ಸೊಗಸಾಗಿದೆ. 1909ರಲ್ಲಿ ಹೊರಬಂದ ಎಡ್ಗರ್ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ, ತೆಲುಗು ಸೀಮೆಯ ಜೆಟ್ಟಿಗಳು ಮೈ ತಿಕ್ಕಿ, ತೈಲ ಲೇಪ ಹಚ್ಚಿ ನರದ ನೋವುಗಳನ್ನು ಗುಣಪಡಿಸುತ್ತಿದ್ದರೆಂದು ಬರೆದಿದೆ. ನಮ್ಮ ಕಡೆಯೂ ಅಷ್ಟೇ. ಉಳುಕಿದರೆ, ಕೀಲು ಜಾರಿದರೆ, ಸೊಂಟ ಹಿಡಿದರೆ ಜನ ಆಸ್ಪತ್ರೆಗೆ ಮೊದಲು ಹೋಗುತ್ತಿದ್ದುದು ಗರಡಿಗೆ. ಅರಸನ ಪುಸ್ತಕದಲ್ಲಿ ಕಾಣದ ಮುದಿ ಮಲ್ಲ ಇಲ್ಲಿ ಸಿಗುತ್ತಾನೆ. ಹಿಡಿದು ಮುರಿಯುವುದನ್ನು ಬಲ್ಲ ಕೈ ಹಿಡಿದು ಕೂಡಿಸುವುದನ್ನೂ ಕಲಿತಿತ್ತು. ತನ್ನ ಮೈಯ ಒಂದೊಂದು ಗಾಯವೂ ಅವನಿಗೆ ಒಂದೊಂದು ಪಾಠವಾಗಿ, ಪ್ರಾಯ ಕಳೆದ ಮೇಲೆ ಅದೇ ಅವನ ವಿದ್ಯೆಯಾಯಿತು. ಮಂಗರವಳ್ಳಿಯ ಲೇಪ, ಎಳ್ಳೆಣ್ಣೆಯ ನೀವುವಿಕೆ, ಬೆಚ್ಚನೆಯ ಶಾಖ ಇವುಗಳ ಕ್ರಮ ಕಾಗದದ ಮೇಲೆ ಇರಲಿಲ್ಲ, ಬೆರಳಿನಲ್ಲಿತ್ತು. ಎಲ್ಲರ ಬೆರಳೂ ಒಂದೇ ಸಮನಾಗಿತ್ತೆಂದು ನಾನು ಹೇಳಲಾರೆ.

ಸಾಹಿತ್ಯಪ್ರಿಯರಿಗೆ ಇಲ್ಲಿ ಇನ್ನೊಂದು ಹೆಸರು ನೆನಪಾಗದಿರದು. ಶಾಂತಲಾ, ರೂಪದರ್ಶಿ ಕಾದಂಬರಿಗಳ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದವರು. ಕೈಲಾಸಂ ಅವರ ಆಪ್ತರು. ಸೂರ್ಯನಮಸ್ಕಾರವನ್ನೂ ಕಬ್ಬಿಣದ ಗುಂಡುಗಳನ್ನೂ ಒಂದೇ ಅಂಗಳಕ್ಕೆ ತಂದು, ದೂರದ ಊರಿನವರಿಗೆ ಅಂಚೆಯ ಮೂಲಕವೂ ಅಂಗಸಾಧನೆಯ ಪಾಠ ಕಳಿಸುತ್ತಿದ್ದರು. ಅವರ ಕಾದಂಬರಿಯನ್ನು ಓದಿದವರಿಗೆ ಅವರ ಸ್ನಾಯುಗಳು ಗೊತ್ತಿರಲಿಲ್ಲ, ಸ್ನಾಯುಗಳನ್ನು ಕಂಡವರಿಗೆ ಕಾದಂಬರಿ ಗೊತ್ತಿರಲಿಲ್ಲ. ಅವರು 1980ರಲ್ಲಿ, ಎಂಬತ್ತು ದಾಟಿ ತೀರಿಕೊಂಡರು.

ಇನ್ನು ಉಳಿದದ್ದು ನಾನು ಮೊದಲು ಎತ್ತಿದ ಕೊನೆಯ ಪ್ರಶ್ನೆ. ಸುಶ್ರುತನು ಎರಡು ತಿಂಗಳು, ಮೂರು ತಿಂಗಳು ಎಂದು ಸುಲಭವಾಗಿ ಬರೆದ. ಹಾಲು, ತುಪ್ಪ, ಮಾಂಸರಸ ಎಂದೂ ಬರೆದ. ಕೆಲಸ ಮಾಡದೆ ಮಲಗಿದವನಿಗೆ ಅವನ್ನು ತಂದುಕೊಡುವವರು ಯಾರು? ಕಾಲವೇ ಔಷಧವಾದಾಗ ಆ ಔಷಧದ ಬೆಲೆಯನ್ನು ಯಾರಾದರೂ ತೆರಲೇಬೇಕು. ಕಣದಲ್ಲಿರುವ ತನಕ ಅರಸ ತೆರುತ್ತಿದ್ದ. 1971ರಲ್ಲಿ ರಾಜಧನ ರದ್ದಾದ ಮೇಲೆ ಮೈಸೂರಿನ ಪೈಲ್ವಾನರಿಗೆ ಅರಮನೆಯ ಆಶ್ರಯವೂ ಮೊದಲಿನಂತೆ ಉಳಿಯಲಿಲ್ಲ. ಈಗ ಹಳೆಯ ಕುಸ್ತಿಪಟುಗಳಿಗೆ ಸರ್ಕಾರ ಮಾಸಾಶನ ಕೊಡುತ್ತದೆ. ನಾನು ಹೇಳುವುದು ಆ ನಡುವಣ ಕಾಲದ ಮಾತು.

ಮೈಸೂರಿನ ಹಳೆಯ ಮೊಹಲ್ಲವೊಂದರ ಗರಡಿಗೆ ನಾನು ಪ್ರೌಢಶಾಲೆಯ ದಿನಗಳಲ್ಲಿ ಹೋಗುತ್ತಿದ್ದೆ. ಪೈಲ್ವಾನನಾಗಲು ಅಲ್ಲ, ಎದೆಯ ಎಲುಬು ಕಾಣುತ್ತದೆಂದು ಅಜ್ಜಿ ಕಳುಹಿಸುತ್ತಿದ್ದಳು. ಅಲ್ಲಿಯ ವಸ್ತಾದರಿಗೆ ಆಗಲೇ ಅರವತ್ತರ ಮೇಲೆ. ದೊರೆಗಳ ಮುಂದೆ ಕುಸ್ತಿ ಆಡಿದವರು. ಒಂದು ಶಿವರಾತ್ರಿಯ ಆಚೀಚೆ, ಹುಡುಗನೊಬ್ಬನಿಗೆ ಪಟ್ಟು ತೋರಿಸುತ್ತಿರುವಾಗ ಅವನ ಭಾರವೆಲ್ಲ ಇವರ ಮೊಣಕಾಲಿನ ಮೇಲೆ ಬಿತ್ತು. ಕಾಲು ಕುಂಬಳಕಾಯಿಯಂತೆ ಊದಿತು. ತಾವೇ ಬಿದಿರಿನ ದಬ್ಬೆ ಇಟ್ಟು ಕಟ್ಟಿಕೊಂಡರು. ಬಿಗಿಯಾಗದಂತೆ ದಬ್ಬೆಯ ಕೆಳಗೆ ಬೆರಳು ತೂರಿಸಿ ನೋಡುತ್ತಿದ್ದರು. ಮಟ್ಟಿಯ ಅಂಚಿನ ಜಗಲಿಯ ಮೇಲೆ ಅವರಿಗೆ ಹಾಸಿಗೆಯಾಯಿತು. ಮಲಗಿದ್ದಲ್ಲಿಂದಲೇ ಪಾಠ: "ಸೊಂಟ ಇಳಿಸೋ", "ಕಣ್ಣು ಎದುರಾಳಿ ಕಾಲ ಮೇಲಿರಲಿ ಕಣೋ". ಅವರ ಊಟದ ಏರ್ಪಾಡನ್ನು ಗರಡಿಯ ಹುಡುಗರು ಮಾಡಿದರು. ಯಾರು ಯಾರಿಗೂ ಹೇಳಿದ ನೆನಪಿಲ್ಲ. ಒಬ್ಬನ ಮನೆಯಿಂದ ಹಾಲು, ಮಾಂಸದಂಗಡಿಯವರ ಮಗನಿಂದ ಕಾಲಿನ ಸೂಪು, ನಮ್ಮ ಮನೆಯಿಂದ ಮಂಗಳವಾರ ಶುಕ್ರವಾರ ತುಪ್ಪ ಹಾಕಿದ ಅನ್ನ. ಸಾಮು ಮುಗಿದ ಮೇಲೆ ಇಬ್ಬರು ಅವರ ಕಾಲಿಗೆ ಎಣ್ಣೆ ನೀವುತ್ತಿದ್ದರು. ಯಾವ ಕಡೆಗೆ, ಎಷ್ಟು ಒತ್ತಬೇಕೆಂದು ಅವರೇ ಹೇಳುವರು. ಹೀಗೆ ನೀವಿ ನೀವಿಯೇ ಅವರಲ್ಲೊಬ್ಬನು ಆಮೇಲೆ ಊರಿಗೆಲ್ಲ ಉಳುಕು ತೆಗೆಯುವವನಾದ.

ಯುಗಾದಿಯ ಹೊತ್ತಿಗೆ ಕಟ್ಟು ಬಿಚ್ಚಿದರು. ಕೋಲೂರಿ ಅಂಗಳದಲ್ಲಿ ನಾಲ್ಕು ಸುತ್ತು, ಎಂಟು ಸುತ್ತು. ಆಮೇಲೆ ಕೆರೆಯಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಕಾಲು ಆಡಿಸುವುದು. ಮಾನಸೋಲ್ಲಾಸದ ಹೆಸರನ್ನು ಅವರು ಕೇಳಿದವರಲ್ಲ. ಮಟ್ಟಿಗೆ ಯಾವಾಗ ಇಳಿಯುತ್ತೀರಿ ಎಂದು ಹುಡುಗರು ಪೀಡಿಸಿದರೆ, "ಕಾಲು ಹೇಳ್ತದೆ ಕಣ್ರೋ, ನಂಗೇನು ಗೊತ್ತು" ಎನ್ನುತ್ತಿದ್ದರು. ಆಷಾಢ ಕಳೆಯಿತು. ಶ್ರಾವಣದ ಒಂದು ಸೋಮವಾರ ನಸುಕಿನಲ್ಲಿ ನಾವು ಹೋದಾಗ ವಸ್ತಾದರು ಆಗಲೇ ಲಂಗೋಟಿ ಕಟ್ಟಿ ಮಟ್ಟಿಯೊಳಗಿದ್ದರು. ಕುಸ್ತಿಗಲ್ಲ. ದೊಡ್ಡ ಗುದ್ದಲಿಯನ್ನು ಬಿಟ್ಟು, ಹೂವಿನ ಪಾತಿ ಮಾಡುವ ಸಣ್ಣ ಗುದ್ದಲಿಯನ್ನು ಹಿಡಿದು, ಕೆಮ್ಮಣ್ಣನ್ನು ಒಂದು ಮೂಲೆಯಿಂದ ಅಗೆಯುತ್ತ ಬರುತ್ತಿದ್ದರು. ಹತ್ತು ಏಟು ಹಾಕುವರು, ಉಸಿರು ಬಾಯಿಗೆ ಬಂದೊಡನೆ ನಿಲ್ಲುವರು, ಅರಿಸಿನವನ್ನೂ ಎಣ್ಣೆಯನ್ನೂ ಮಣ್ಣಿಗೆ ಬೆರೆಸಿ ಕೈಯಲ್ಲಿ ಕಲಸುವರು, ಮತ್ತೆ ಹತ್ತು ಏಟು. ಕಾಲು ಭಾಗದ ಮಟ್ಟಿ ಅಗೆದದ್ದಾಯಿತು. ಗುದ್ದಲಿಯನ್ನು ನಮ್ಮಲ್ಲೊಬ್ಬನ ಕೈಗೆ ಕೊಟ್ಟು, ಉಳಿದದ್ದನ್ನು ನೀವು ಅಗೆಯಿರಿ ಎಂದು ಜಗಲಿಗೆ ಹೋಗಿ ಕುಳಿತರು.